ಸಮ್ಮರ್‌ಗೆ ಬಂದವಳು

ನಮ್ಮ ಮನೆಯ ಫ್ರಿಜ್ಜಿನ ಬಾಗಿಲು ತೆಗೆದವರು ಮೊದಲು ನಗುತ್ತಾರೆ, ಆಮೇಲೆ ನೀರಿನ ಬಾಟಲಿಗೆ ಕೈ ಹಾಕುತ್ತಾರೆ. ದೋಸೆ ಹಿಟ್ಟಿನ ಡಬ್ಬಿ, ಕಾಯಿತುರಿಯ ಡಬ್ಬಿ, ಹುಣಿಸೆ ಗೊಜ್ಜಿನ ಬಾಟಲಿ, ಎಲ್ಲದರ ಮೈಮೇಲೂ ಒಂದೊಂದು ಬಿಳಿ ಟೇಪಿನ ತುಂಡು. ಅದರ ಮೇಲೆ ಒಳಗಿರುವುದರ ಹೆಸರು, ಮಾಡಿದ ದಿನಾಂಕ, ಕೊನೆಯಲ್ಲಿ ನನ್ನ ಇನಿಷಿಯಲ್ಲು. ಹೆಸರು ಬರೆಯುವುದು ಸರಿ, ದಿನಾಂಕವೂ ಇರಲಿ ಎಂದು ನಮ್ಮ ಯಜಮಾನರು ರಾಜಿಗೆ ಬಂದಿದ್ದಾರೆ. ಅವರ ತಕರಾರೆಲ್ಲ ಇನಿಷಿಯಲ್ಲಿನದು. "ಈ ಮನೆಯಲ್ಲಿ ಗೊಜ್ಜು ಕುದಿಸೋರು ಇನ್ಯಾರಿದ್ದಾರೆ ಮಾರಾಯ್ತಿ? ನಾನೇನು ಕದ್ದು ನನ್ನ ಹೆಸರಲ್ಲಿ ಪ್ರಕಟಿಸಿಬಿಡ್ತೀನಾ?" ಹೋದ ದೀಪಾವಳಿಗೆ ಬಂದ ನಾದಿನಿಯಂತೂ ಬೇಕೆಂದೇ ಒಂದು ಡಬ್ಬಿಯ ದಿನಾಂಕವನ್ನು ಎರಡು ತಿಂಗಳು ಹಿಂದಕ್ಕೆ ತಿದ್ದಿಟ್ಟು, ನಾನು ಘಮಘಮಿಸುವ ಗೊಜ್ಜನ್ನು ಮೂಸಿಯೂ ನೋಡದೆ ಚೆಲ್ಲುವುದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿ ಸಂತೋಷಪಟ್ಟಳು.

ಈ ಚಟ ಅಂಟಿಕೊಂಡಿದ್ದು 2006ರ ಬೇಸಿಗೆಯಲ್ಲಿ. ಆಗ ನಾನು ಸಾಗರದಲ್ಲಿ ಬಿ.ಎಸ್ಸಿ. ಎರಡನೆಯ ವರ್ಷದ ಪರೀಕ್ಷೆ ಬರೆದಿದ್ದೆ. ಕಾಲೇಜಿನ ನೋಟೀಸ್ ಬೋರ್ಡಿನಲ್ಲಿ, ಬಸ್ ಪಾಸಿನ ಸೂಚನೆಗೂ ಯಾರದೋ ಕಳೆದುಹೋದ ಕೊಡೆಯ ಪ್ರಕಟಣೆಗೂ ನಡುವೆ, ಡಿಗ್ರಿ ಹುಡುಗರು ಬೇಸಿಗೆ ರಜೆಯಲ್ಲಿ ಸಂಶೋಧನಾಲಯಗಳಲ್ಲಿ ಕೆಲಸ ಕಲಿಯಬಹುದು ಎಂಬ ಕಾಗದವೊಂದಿತ್ತು. ಝೂವಾಲಜಿ ಮೇಡಂ ಕೈಹಿಡಿದು ಅರ್ಜಿ ತುಂಬಿಸಿದರು. ಬರಲಾರದೆಂದುಕೊಂಡಿದ್ದ ಉತ್ತರ ಬಂತು. ಬೆಂಗಳೂರಿನಲ್ಲಿ, ಕ್ಷಯರೋಗದ ಮೇಲೆ ಕೆಲಸ ಮಾಡುವ ಒಂದು ಲ್ಯಾಬು. ಕೂಡಲೇ ನನ್ನ ತಲೆಯೊಳಗೆ ಬಿಳಿ ಕೋಟಿನ ನಾನು, ಕೈಯಲ್ಲೊಂದು ನೀಲಿ ದ್ರವದ ಗಾಜಿನ ಕೊಳವೆ, ಹಿಂದೆ ನಿಂತು ಬೆರಗಾಗಿ ನೋಡುತ್ತಿರುವ ನಾಲ್ಕಾರು ಹಿರಿಯ ವಿಜ್ಞಾನಿಗಳು. ಎರಡು ತಿಂಗಳಲ್ಲಿ ಕಾಯಿಲೆಯೊಂದರ ಕಥೆ ಮುಗಿಯುವುದರಲ್ಲಿ ನನಗೆ ಸಂಶಯವಿರಲಿಲ್ಲ. ಯಾವ ಕಾಯಿಲೆ ಎಂಬುದರಲ್ಲಿ ಮಾತ್ರ ಅಜ್ಜಿಗೂ ನನಗೂ ಭಿನ್ನಾಭಿಪ್ರಾಯ ಬಂತು.

"ಎಂತ ಮಾಡ್ತೀಯೇ ಅಲ್ಲಿ?"

"ಕಾಯಿಲೆ ಬಗ್ಗೆ ರಿಸರ್ಚು, ಅಜ್ಜಿ."

"ಹಂಗಾರೆ ಮಂಗನ ಕಾಯಿಲೆಗೆ ಒಂದು ಔಷಧಿ ಕಂಡುಹಿಡ್ಕಂಡು ಬಾ. ಮಳೆ ಹಿಡಿಯೋದ್ರೊಳಗೆ ಬಂದ್ಬಿಡು."

ನಮ್ಮದು ಸೊರಬ ಸೀಮೆ. ಅಜ್ಜಿಗೆ ಕಾಯಿಲೆ ಅಂದರೆ ಅದೊಂದೇ. 1957ರಲ್ಲಿ ನಮ್ಮ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು ಬಿದ್ದು, ಸೌದೆಗೂ ದರಕಿಗೂ ಕಾಡಿಗೆ ಹೋದವರು ಜ್ವರ ಹಿಡಿದು ಮಲಗಿದಾಗ, ಆಕೆ ಆಗಷ್ಟೇ ಮದುವೆಯಾಗಿ ಬಂದ ಹುಡುಗಿ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಜೀಪಿನಲ್ಲಿ ಬಂದು ಉಣ್ಣೆ ಹೆಕ್ಕಿದ್ದು, ಸತ್ತ ಮಂಗಗಳನ್ನು ಹುಡುಕಿದ್ದು, ಇಡೀ ಊರಿನ ಬಾಯಲ್ಲಿ ಇನ್ನೂ ಇದ್ದ ಮಾತು. ಹೊಸ ವೈರಸ್ಸಿಗೆ ಅವರು ಇಟ್ಟ ಹೆಸರಿನಿಂದ ನಮ್ಮ ಪಕ್ಕದ ಕಾಡು ಜಗತ್ತಿನ ವೈದ್ಯಕೀಯ ಪುಸ್ತಕಗಳಿಗೆಲ್ಲ ಹೋಗಿ ಕೂತಿತು. ಹೆಸರು ಹೋಯಿತೇ ಹೊರತು ಕಾಯಿಲೆ ಹೋಗಲಿಲ್ಲ. ಅಜ್ಜಿಯ ಬೇಡಿಕೆ ಅನ್ಯಾಯದ್ದೇನಲ್ಲ. ನನ್ನ ಲ್ಯಾಬು ಬೇರೆ ಕಾಯಿಲೆಯದು ಎಂದು ನಾನು ಹೇಳಿದ್ದನ್ನು ಆಕೆ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಬೆಂಗಳೂರಿನ ಲ್ಯಾಬಿನಲ್ಲಿ ಸರ್ ನನ್ನನ್ನು ನೋಡಿದ್ದು ಐದು ನಿಮಿಷ. ಊರು ಯಾವುದು, ಊಟ ಆಯ್ತಾ ಎಂದು ಕೇಳಿ, ಪಿಎಚ್.ಡಿ. ಮಾಡುತ್ತಿದ್ದ ಧಾರವಾಡದ ಕಡೆಯ ಹುಡುಗಿಯೊಬ್ಬಳ ಕೈಗೆ ಒಪ್ಪಿಸಿಬಿಟ್ಟರು. ಆಕೆ ಅವತ್ತಿನಿಂದ ನನಗೆ ಅಕ್ಕ. ನಾನು ಆಕೆಗೂ ಉಳಿದವರಿಗೂ ಸಮ್ಮರ್. "ನಮ್ಮ ಸಮ್ಮರ್ ಎಲ್ಲಿ? ಸಮ್ಮರ್‌ಗೆ ಒಂದು ಕುರ್ಚಿ ಕೊಡ್ರಿ. ಸೆಂಟ್ರಿಫ್ಯೂಜ್ ಮ್ಯಾಲೆ ಚಾ ಕಪ್ಪಿಟ್ಟಾವ್ರು ಯಾರು, ಸಮ್ಮರ್ ಏನು?" ಲ್ಯಾಬಿನಲ್ಲಿ ಏನು ಕಾಣೆಯಾದರೂ, ಏನು ಚೆಲ್ಲಿದರೂ ಮೊದಲು ವಿಚಾರಣೆಗೆ ಒಳಗಾಗುವ ಪ್ರಾಣಿ ಅದು. ಬೇಸಿಗೆ ಮುಗಿದರೆ ಹೋಗಿಬಿಡುವವರು, ತಪ್ಪು ಹೊರಿಸಲು ಅವರಷ್ಟು ಅನುಕೂಲದವರು ಬೇರೆ ಯಾರಿದ್ದಾರೆ?

ಬಿಳಿ ಕೋಟು ಸಿಕ್ಕಿತು, ನಿಜ. ಹಿಂದಿನ ವರ್ಷದ ಯಾರೋ ಎತ್ತರದ ಹುಡುಗ ಬಿಟ್ಟುಹೋಗಿದ್ದು. ಮೊಣಕಾಲು ದಾಟಿ ಕೆಳಗೆ ಇಳಿಯುತ್ತಿತ್ತು. ಅದನ್ನು ತೊಟ್ಟು, ತೋಳು ಮಡಚಿ, ಖಾಲಿ ಫ್ಲಾಸ್ಕೊಂದನ್ನು ಬೆಳಕಿಗೆ ಹಿಡಿದು ಗಂಭೀರವಾಗಿ ನೋಡುತ್ತಿರುವ ಫೋಟೋ ತೆಗೆಸಿಕೊಂಡು ಊರಿಗೆ ಕಳಿಸಿದೆ. ಅಂಗನವಾಡಿ ಟೀಚರಾದ ಅಮ್ಮ ಅದನ್ನು ಅಂಗನವಾಡಿಯ ಗೋಡೆಗೇ ಅಂಟಿಸಿದಳಂತೆ, ತರಕಾರಿಗಳ ಚಾರ್ಟಿನ ಪಕ್ಕಕ್ಕೆ. ಮಕ್ಕಳು ಬದನೆ, ಬೆಂಡೆ, ಹಾಗಲ ಎಂದು ಓದುತ್ತ ಬಂದು ಕೊನೆಗೆ "ಅಕ್ಕ" ಎಂದು ನನ್ನನ್ನೂ ಸೇರಿಸಿ ಮುಗಿಸುತ್ತಿದ್ದರಂತೆ.

ಕೆಲಸ ಶುರುವಾಗಿದ್ದು ನೀರಿನಿಂದ. ಮೈಕ್ರೋಪಿಪೆಟ್ಟಿನಲ್ಲಿ ನೀರು ಎಳೆಯುವುದು, ತಕ್ಕಡಿಯ ಮೇಲೆ ಬಿಡುವುದು. ಸಾವಿರ ಮೈಕ್ರೋಲೀಟರ್ ನೀರು ಒಂದು ಗ್ರಾಂ ತೂಗಬೇಕು, ಪ್ರತಿ ಸಲವೂ ತೂಗಬೇಕು. ಹೆಬ್ಬೆರಳು ಒತ್ತುವಾಗ ಮೊದಲೊಂದು ತಡೆ, ಆಮೇಲೊಂದು ತಡೆ. ಎಳೆಯಲು ಮೊದಲನೆಯದರವರೆಗೆ, ಬಿಡಲು ಎರಡನೆಯದರವರೆಗೆ. ಇಷ್ಟೇ ವಿದ್ಯೆ, ಕೈಗೆ ಕೂರಲು ವಾರ ಹಿಡಿಯಿತು. ನಮ್ಮ ಕಾಲೇಜಿನಲ್ಲಿ ಪಿಪೆಟ್ಟೆಂದರೆ ಉದ್ದ ಗಾಜಿನ ಕೊಳವೆ, ಬಾಯಿಂದ ಎಳೆಯುವುದು. ಗಮನ ಸ್ವಲ್ಪ ತಪ್ಪಿದರೆ ಆಕ್ಸಾಲಿಕ್ ಆಸಿಡ್ಡಿನ ಹುಳಿ ನಾಲಗೆಗೆ ಗೊತ್ತಾಗುತ್ತಿತ್ತು. ಜರ್ಮನಿಯ ಮಾರ್ಬುರ್ಗ್‌ನಲ್ಲಿ ಹೈನ್‌ರಿಷ್ ಶ್ನಿಟ್ಗರ್ ಎಂಬ ಸಂಶೋಧಕ 1957ರಲ್ಲಿ ಹೀಗೆ ಬಾಯಲ್ಲಿ ಎಳೆದೆಳೆದು ರೋಸಿಹೋಗಿ, ಸ್ಪ್ರಿಂಗು, ಕೊಂತ ಜೋಡಿಸಿ ಹೆಬ್ಬೆರಳಿನ ಪಿಪೆಟ್ಟು ಮಾಡಿಕೊಂಡನಂತೆ. ಜಗತ್ತಿನ ಜೀವಶಾಸ್ತ್ರವೆಲ್ಲ ಈಗ ನಡೆಯುವುದು ಒಬ್ಬನ ಆ ಸಿಡಿಮಿಡಿಯ ಮೇಲೆ. ಅದೇ 1957ರಲ್ಲಿ ಕ್ಯಾಸನೂರಿನಲ್ಲಿ ಮಂಗ ಸಾಯುತ್ತಿದ್ದವು ಎಂದು ಹೊಳೆದಾಗ ನನಗೆ ಒಂಥರಾ ಖುಷಿಯಾಯಿತು. ಎರಡಕ್ಕೂ ಏನೂ ಸಂಬಂಧವಿಲ್ಲ. ನೀರು ತೂಗುತ್ತ ಕೂತವರಿಗೆ ಇಂಥದ್ದೆಲ್ಲ ಹೊಳೆಯುತ್ತದೆ.

ಎರಡನೆಯ ವಿದ್ಯೆ ಹೆಸರು ಬರೆಯುವುದು. ಬೆರಳ ತುದಿಯಷ್ಟಿರುವ ಪ್ಲಾಸ್ಟಿಕ್ ಟ್ಯೂಬು. ಅದರ ಮುಚ್ಚಳದ ಮೇಲೊಮ್ಮೆ, ಪಕ್ಕದಲ್ಲೊಮ್ಮೆ ಬರೆಯಬೇಕು. ಪರ್ಮನೆಂಟ್ ಎಂದು ಮೈಮೇಲೆ ಅಚ್ಚು ಹಾಕಿಸಿಕೊಂಡ ಮಾರ್ಕರಿನ ಶಾಯಿ, ಎಥನಾಲ್ ತಗುಲಿದರೆ ಅರೆಗಳಿಗೆಯಲ್ಲಿ ಮಾಯ. ಲ್ಯಾಬಿನಲ್ಲಿ ಎಥನಾಲ್ ತಗುಲದ ವಸ್ತುವೇ ಇಲ್ಲ. ಹಾಗಾಗಿ ಟೇಪು. ಮಾರ್ಕರ್ ಮಾತ್ರ ಯಾರದೂ ಯಾರ ಹತ್ತಿರವೂ ಸಂಜೆಯವರೆಗೆ ಉಳಿಯುತ್ತಿರಲಿಲ್ಲ. ಜೀನು ಕದ್ದರೂ ಕ್ಷಮಿಸಬಹುದು, ಮಾರ್ಕರ್ ಕದ್ದವರನ್ನು ಕ್ಷಮಿಸಬಾರದು ಎಂಬುದು ಅಕ್ಕನ ನಿಲುವು. ಆಕೆಯ ಡ್ರಾಯರಿನಲ್ಲಿ ಒಮ್ಮೆ ನೋಡಿದೆ, ಬೇರೆಬೇರೆ ಇನಿಷಿಯಲ್ಲಿನ ಮಾರ್ಕರುಗಳು ಒಂದು ಮುಷ್ಟಿಯಷ್ಟಿದ್ದವು.

ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರಿನ ಕೆಳ ಅರೆಯಲ್ಲಿ ಹಿಮ ಕೆರೆದು ತೆಗೆದರೆ ಹಳೆಯ ಸಮ್ಮರ್‌ಗಳು ಸಿಗುತ್ತಿದ್ದರು. ಅಂದರೆ ಅವರ ಡಬ್ಬಿಗಳು. 'ಸಮ್ಮರ್ 2001, ಎಸೆಯಬೇಡಿ.' ಪಕ್ಕದಲ್ಲಿ ಎರಡಕ್ಷರ. 'ಸಮ್ಮರ್ 1998, ಬಹಳ ಮುಖ್ಯ.' ಅದಕ್ಕೂ ಎರಡಕ್ಷರ. ಯಾರು, ಎಲ್ಲಿಯವರು, ಒಳಗೇನಿದೆ, ಒಂದೂ ಯಾರಿಗೂ ತಿಳಿಯದು. "ಮತ್ತೆ ಯಾಕೆ ಇಟ್ಟಿದೀರಿ ಅಕ್ಕ?" ಎಂದೆ. "ಎಸಿಯಾಕ ಧೈರ್ಯ ಬೇಕಲ್ಲವಾ. ಬಹಳ ಮುಖ್ಯ ಅಂತ ಬರದಾರ, ಖರೇನ ಮುಖ್ಯ ಇದ್ದರ?" ಎಂದಳು. ನಾನು ಅವತ್ತೇ ನನ್ನ ಮೊದಲ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅದನ್ನೇ ಬರೆದೆ. ಒಳಗಿದ್ದದ್ದು ಅಭ್ಯಾಸಕ್ಕೆಂದು ಅಳೆದಿಟ್ಟ ನೀರು.

ಸಂಜೆ ನಾಲ್ಕೂವರೆಯ ಚಹಕ್ಕೆ ಸರ್ ಕೆಲವೊಮ್ಮೆ ಬರುತ್ತಿದ್ದರು. ನಮ್ಮಂಥ ಸಮ್ಮರ್‌ಗಳ ಮುಖ ಬಾಡಿದ್ದು ಕಂಡರೆ ಅವರ ಬಳಿ ಎರಡು ಕಥೆಗಳಿದ್ದವು. ಒಂದು, ಹಡ್ಸನ್ ಫ್ರೀಜ್ ಎಂಬ ಡಿಗ್ರಿ ಹುಡುಗನದು. 1966ರಲ್ಲಿ ಅವನು ತನ್ನ ಪ್ರೊಫೆಸರ್ ಥಾಮಸ್ ಬ್ರಾಕ್ ಜೊತೆ ಅಮೆರಿಕದ ಯೆಲ್ಲೊಸ್ಟೋನ್ ಕಾಡಿನ ಬಿಸಿನೀರ ಬುಗ್ಗೆಗಳ ನೀರಿನಿಂದ, 70 ಡಿಗ್ರಿ ಶಾಖದಲ್ಲೂ ಹಾಯಾಗಿ ಬೆಳೆಯುವ ಬ್ಯಾಕ್ಟೀರಿಯಾ ಹಿಡಿದ. ಶಾಖಕ್ಕೆ ಕೆಡದ ಅದರ ಕಿಣ್ವದಿಂದಲೇ ಮುಂದೆ ಪಿಸಿಆರ್ ಯಂತ್ರಗಳು ಮನೆಮಾತಾದವು. "ನಮ್ಮ ಕಾರಿಡಾರಿನ ಮಷೀನ್ ಒಳಗೆ ಇರೋದು ಒಬ್ಬ ಡಿಗ್ರಿ ಹುಡುಗ ಹಿಡಿದ ಜೀವಿಯ ಕಿಣ್ವ" ಎಂದು ಸರ್ ಹೇಳಿದ ಮೇಲೆ ಆ ಯಂತ್ರದ ಮುಂದೆ ಹಾಯುವಾಗ ನಾನು ಕೋಟು ಸರಿಮಾಡಿಕೊಳ್ಳುತ್ತಿದ್ದೆ.

ಇನ್ನೊಂದು, ಇನ್ಸುಲಿನ್ನಿನ ಕಥೆ. 1921ರ ಬೇಸಿಗೆ, ಕೆನಡಾದ ಟೊರಾಂಟೊ. ಬಾಂಟಿಂಗ್ ಎಂಬ ಡಾಕ್ಟರು ನಾಯಿಗಳ ಮೇದೋಜೀರಕದ ಮೇಲೆ ಕೆಲಸ ಶುರುಮಾಡಬೇಕು, ಸಹಾಯಕ್ಕೆ ಒಬ್ಬ ವಿದ್ಯಾರ್ಥಿ ಬೇಕು. ಪ್ರೊಫೆಸರ್ ಮೆಕ್ಲಿಯಾಡ್ ಬಳಿ ಇಬ್ಬರಿದ್ದರು, ಆಗಷ್ಟೇ ಡಿಗ್ರಿ ಮುಗಿಸಿದ ಚಾರ್ಲ್ಸ್ ಬೆಸ್ಟ್ ಮತ್ತು ಅವನ ಸ್ನೇಹಿತ ಕ್ಲಾರ್ಕ್ ನೋಬಲ್. ರಜೆಯ ಮೊದಲರ್ಧ ಒಬ್ಬ, ಉಳಿದರ್ಧ ಇನ್ನೊಬ್ಬ, ಯಾರು ಮೊದಲು? ನಾಣ್ಯ ಚಿಮ್ಮಿದರು. ಬೆಸ್ಟ್‌ನ ಪಾಲಿಗೆ ಮೊದಲರ್ಧ ಬಂತು. ಕೆಲಸ ಕೈಗೆ ಹತ್ತಿತ್ತೆಂದು ಎರಡನೆಯ ಅರ್ಧವನ್ನೂ ಅವನೇ ಮುಂದುವರಿಸಿದ. 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಮೊದಲ ಇಂಜೆಕ್ಷನ್ ಕೊಟ್ಟರು. 1923ರ ನೊಬೆಲ್ ಬಾಂಟಿಂಗ್‌ಗೂ ಮೆಕ್ಲಿಯಾಡ್‌ಗೂ ಬಂದಾಗ, ಬಾಂಟಿಂಗ್ ತನ್ನ ಹಣದಲ್ಲಿ ಅರ್ಧವನ್ನು ಬೆಸ್ಟ್‌ಗೆ ಕೊಟ್ಟ. ಸರ್ ಈ ಕಥೆ ಹೇಳುತ್ತಿದ್ದದ್ದು ನಮ್ಮನ್ನು ಹುರಿದುಂಬಿಸಲು. ನನಗೆ ಮಾತ್ರ ರಾತ್ರಿ ಹಾಸ್ಟೆಲಿನಲ್ಲಿ ನೆನಪಾಗುತ್ತಿದ್ದವನು ನೋಬಲ್. ಅವನೂ ಆಮೇಲೆ ಅದೇ ಗುಂಪಿನ ಜೊತೆ ಮೊಲಗಳ ಮೇಲೆ ಇನ್ಸುಲಿನ್ ಪರೀಕ್ಷೆ ಮಾಡಿದ. ಆದರೂ ನಾಣ್ಯದ ಇನ್ನೊಂದು ಮುಖ ಬಿದ್ದಿದ್ದರೆ ಎಂಬ ಲೆಕ್ಕವನ್ನು ಅವನು ಎಷ್ಟು ರಾತ್ರಿ ಹಾಕಿರಬಹುದು? ಕೋಣೆಯ ಜೊತೆಗಾತಿ ನೋಬಲ್ ಹೆಸರು ನನ್ನ ಬಾಯಲ್ಲಿ ಕೇಳಿಕೇಳಿ, ಅವನು ನಮ್ಮ ಕಾಲೇಜಿನ ಹುಡುಗನಿರಬೇಕು ಎಂದುಕೊಂಡಿದ್ದಳು.

ನನ್ನ ಪ್ರಾಜೆಕ್ಟಿನ ಹೆಸರು ಎರಡು ಸಾಲಿತ್ತು, ಕೆಲಸ ಒಂದು ಸಾಲಿನದು: ಕ್ಷಯದ ಔಷಧಿಯೊಂದನ್ನು ಬೇರೆಬೇರೆ ಪ್ರಮಾಣದಲ್ಲಿ ಹಾಕಿ, ಬ್ಯಾಕ್ಟೀರಿಯಾ ಎಷ್ಟರಲ್ಲಿ ನಿಲ್ಲುತ್ತದೆ ನೋಡುವುದು. ಕ್ಷಯದ ಅಸಲಿ ಬ್ಯಾಕ್ಟೀರಿಯಾವನ್ನು ನಮ್ಮಂಥವರ ಕೈಗೆ ಯಾರೂ ಕೊಡುವುದಿಲ್ಲ. ಅದಿದ್ದದ್ದು ಕಾರಿಡಾರಿನ ತುದಿಯಲ್ಲಿ, ಎರಡೆರಡು ಬಾಗಿಲ ಹಿಂದೆ, ಒಳಗಿನ ಗಾಳಿ ಹೊರಗೆ ಬಾರದ ಕೋಣೆಯಲ್ಲಿ. ಅಕ್ಕ ಮುಖವಾಡ, ನಿಲುವಂಗಿ, ಜೋಡಿ ಕೈಗವಸು ತೊಟ್ಟು ಒಳಹೋದರೆ ನನ್ನ ಪಾಲಿಗೆ ಬಾಗಿಲ ಗಾಜು. ನನಗೆ ಕೊಟ್ಟಿದ್ದು ಅದರ ನಿರುಪದ್ರವಿ ಸೋದರಸಂಬಂಧಿ, ಸ್ಮೆಗ್ಮಾಟಿಸ್. ಪಕ್ಕದ ಲ್ಯಾಬಿನ ಸಮ್ಮರ್ ಹುಡುಗನ ಇ. ಕೋಲಿ 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತಿತ್ತು. ಅವನು ಸಂಜೆ ಹಚ್ಚಿಟ್ಟು ಸಿನಿಮಾಕ್ಕೆ ಹೋಗಿ, ಬೆಳಿಗ್ಗೆ ಬಂದು ಎಣಿಸಿ, ಮಧ್ಯಾಹ್ನಕ್ಕೆ ಗ್ರಾಫ್ ಹಾಕುತ್ತಿದ್ದ. ನನ್ನದಕ್ಕೆ ಎರಡಾಗಲು ಸುಮಾರು 3 ಗಂಟೆ, ತಟ್ಟೆಯ ಮೇಲೆ ಕಣ್ಣಿಗೆ ಕಾಣಲು ಮೂರು ದಿನ. ಒಳಗಿನ ಕೋಣೆಯ ಅಸಲಿಗೆ ಎರಡಾಗಲು ಸುಮಾರು 20 ಗಂಟೆ. ಅಕ್ಕ ಒಂದು ತಟ್ಟೆ ಹಚ್ಚಿದರೆ ಮೂರು-ನಾಲ್ಕು ವಾರ ಕಾಯಬೇಕು. ನಾನು ಬಂದಾಗ ಹಚ್ಚಿದ್ದನ್ನು ಆಕೆ ಎಣಿಸುವ ಹೊತ್ತಿಗೆ ನನ್ನ ಬೇಸಿಗೆ ಅರ್ಧ ಕಳೆದಿತ್ತು.

"ಅವಸರ ಮಾಡಬ್ಯಾಡ," ಅನ್ನುತ್ತಿದ್ದಳು. "ಅವು ನಿನ್ನ ಮಾತ ಕೇಳಂಗಿಲ್ಲ."

ಆಕೆಗೆ ಪ್ರಿಯವಾದ ಕಥೆ ಬೆಸ್ಟ್‌ನದಲ್ಲ, ಬಿಸಿಜಿಯದು. ಫ್ರಾನ್ಸಿನ ಲೀಲ್‌ನಲ್ಲಿ ಕಾಲ್ಮೆಟ್, ಗೆರಾಂ ಎಂಬಿಬ್ಬರು 1908ರಲ್ಲಿ ದನದ ಕ್ಷಯದ ಬ್ಯಾಕ್ಟೀರಿಯಾವನ್ನು ಆಲೂಗಡ್ಡೆ, ಗ್ಲಿಸರಿನ್, ಎತ್ತಿನ ಪಿತ್ತರಸದ ಮೇಲೆ ಬೆಳೆಸಲು ತೊಡಗಿದರು. ಮೂರು ವಾರಕ್ಕೊಮ್ಮೆ ಹಳೆಯದರಿಂದ ಹೊಸದಕ್ಕೆ ದಾಟಿಸುವುದು. ನಡುವೆ ಮಹಾಯುದ್ಧ ಬಂತು, ಜರ್ಮನರು ಊರನ್ನೇ ಹಿಡಿದರು, ಇವರು ದಾಟಿಸುತ್ತಲೇ ಇದ್ದರು. ಹದಿಮೂರು ವರ್ಷ, 230 ಸಲ. ಅಷ್ಟೊತ್ತಿಗೆ ಬ್ಯಾಕ್ಟೀರಿಯಾ ಹಲ್ಲು ಕಳೆದುಕೊಂಡು 1921ರಲ್ಲಿ ಲಸಿಕೆಯಾಯಿತು. ಇದನ್ನು ಹೇಳುವಾಗ ಅಕ್ಕ ಎಡತೋಳಿನ ಮೇಲಿನ ಕಲೆ ತೋರಿಸುತ್ತಿದ್ದಳು. ನನಗೂ ಇತ್ತು, ಸರ್‌ಗೂ ಇತ್ತು, ಫ್ಲಾಸ್ಕು ತೊಳೆಯುವ ಅಣ್ಣನಿಗೂ ಇತ್ತು.

ಔಷಧಿ ಹಾಕುವ ಮೊದಲು, ಹಾಕದಿದ್ದರೆ ನನ್ನ ಸ್ಮೆಗ್ಮಾಟಿಸ್ ಹೇಗೆ ಬೆಳೆಯುತ್ತದೆ ನೋಡಬೇಕಲ್ಲ? ಮೂರು ಗಂಟೆಗೊಮ್ಮೆ ಒಂದಿಷ್ಟು ತೆಗೆದು ಎಷ್ಟು ಮಬ್ಬಾಗಿದೆ ಎಂದು ಯಂತ್ರದಲ್ಲಿ ಅಳೆಯಬೇಕು, ಹಗಲು, ರಾತ್ರಿ. ಮೈತುಂಬ ಮೇಣ ಬಳಿದುಕೊಂಡ ಜೀವಿ ಅದು; ಒಂದಕ್ಕೊಂದು ಅಂಟಿ ಗಂಟುಕಟ್ಟದಿರಲೆಂದು ಟ್ವೀನ್ ಎಂಬ ಸೋಪಿನಂಥದ್ದನ್ನು ಹಾಕುತ್ತಾರೆ. ನಡುರಾತ್ರಿಯ ಲ್ಯಾಬಿನಲ್ಲಿ ಶೇಕರ್ ಗುರುಗುಟ್ಟುತ್ತ ಫ್ಲಾಸ್ಕುಗಳನ್ನು ಕುಲುಕುತ್ತಿತ್ತು, ನಾನು ಸ್ಟೂಲಿನ ಮೇಲೆ ತೂಕಡಿಸುತ್ತಿದ್ದೆ. ಟಾರ್ಚು ಹಿಡಿದು ಸುತ್ತು ಬರುವ ಚಿಂತಾಮಣಿ ಕಡೆಯ ವಾಚ್‌ಮನ್ ತಾತ ಇಣುಕಿ ನೋಡಿ, "ಏನಮ್ಮಾ, ಇನ್ನೂ ಬರ್ಲಿಲ್ವಾ ನಿನ್ನ ಬೆಳೆ?" ಎನ್ನುವನು. ಊರಲ್ಲಿ ಅವನಿಗೆ ಎರಡೆಕರೆ ಹೊಲ, ಒಣಗಿದ ಬೋರ್‌ವೆಲ್ಲು. ಫ್ಲಾಸ್ಕನ್ನು ಟಾರ್ಚಿನ ಬೆಳಕಿಗೆ ಹಿಡಿಸಿ ನೋಡಿ, "ನೀರು ಜಾಸ್ತಿ ಆಗಿದೆ," ಎಂದು ತೀರ್ಪು ಕೊಡುತ್ತಿದ್ದ. ಒಂದು ರಾತ್ರಿ ನನಗೆ ನಿದ್ದೆ ಹತ್ತಿಬಿಟ್ಟಾಗ ಸರಿಯಾಗಿ ಮೂರಕ್ಕೆ ಬಂದು ಬಾಗಿಲು ಬಡಿದು ಎಬ್ಬಿಸಿದವನೂ ಅವನೇ: "ಏಳಮ್ಮಾ, ನೋಡೋ ಹೊತ್ತಾಯ್ತು." ಪ್ರಾಜೆಕ್ಟಿನ ವರದಿಯ ಕೃತಜ್ಞತೆಯ ಪುಟದಲ್ಲಿ ಅವನ ಹೆಸರು ಹಾಕಬೇಕೆಂದೆ. ಅಕ್ಕ ಬೇಡವೆನ್ನಲಿಲ್ಲ. ಸರ್ ಹೆಸರಿನ ಕೆಳಗೆ, ನನಗೆ ಹಣ ಕೊಟ್ಟ ಸಂಸ್ಥೆಯ ಮೇಲೆ, ತಾತ ಕೂತ.

ನಾವು ತಟ್ಟೆಗೆ ಸುರಿಯುತ್ತಿದ್ದ ಅಗರ್ ಕೂಡ ಪಕ್ಕದಲ್ಲಿ ನಿಂತವರೊಬ್ಬರ ಕೊಡುಗೆಯೇ. ನಮ್ಮ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂದು ಸಿಗುತ್ತದಲ್ಲ, ಅದು. ಕಾಕ್‌ನ ಲ್ಯಾಬಿನಲ್ಲಿ ವಾಲ್ಟರ್ ಹೆಸ್ಸೆ ಎಂಬಾತ ಬ್ಯಾಕ್ಟೀರಿಯಾ ಬೆಳೆಸಲು ಹಾಕಿದ ಜೆಲಟಿನ್ ಬೇಸಿಗೆಯಲ್ಲಿ ಕರಗಿ ನೀರಾಗುತ್ತಿತ್ತು. ಅವನ ಹೆಂಡತಿ ಫ್ಯಾನಿ, ನನ್ನ ಅಡುಗೆಮನೆಯ ಜೆಲ್ಲಿ ಕರಗುವುದಿಲ್ಲವಲ್ಲ, ಅದಕ್ಕೆ ನಾನು ಹಾಕುವುದು ಅಗರ್, ಅದನ್ನೇ ಹಾಕಿ ನೋಡಿ ಎಂದಳು. 1882ರಲ್ಲಿ ಕಾಕ್ ಕ್ಷಯದ ಬ್ಯಾಕ್ಟೀರಿಯಾ ಕಂಡೆನೆಂದು ಸಾರಿದ ಪ್ರಬಂಧದಲ್ಲಿ ಅಗರ್ ಇದೆ, ಫ್ಯಾನಿ ಇಲ್ಲ. ಆಕೆ ಡಬ್ಬಿಯ ಮೇಲೆ ಇನಿಷಿಯಲ್ ಹಾಕಿರಲಿಲ್ಲವೆಂದು ತೋರುತ್ತದೆ. ನಮ್ಮ ಯಜಮಾನರಿಗೆ ಈ ಮಾತು ಹೇಳಿದ್ದೇನೆ.

ನನಗೆ ಬಂದ ಔಷಧಿ ರಿಫಾಂಪಿಸಿನ್. ಇಟ್ಟಿಗೆ ಬಣ್ಣದ ಪುಡಿ, ಬೆಳಕು ತಾಗಿದರೆ ಕೆಡುತ್ತದೆಂದು ಅಲ್ಯುಮಿನಿಯಂ ಫಾಯಿಲಿನಲ್ಲಿ ಸುತ್ತಿಡಬೇಕು. ನನ್ನ ಉದ್ದ ಕೋಟಿನ ತೋಳಿಗೆ ಅದರ ಒಂದು ಕಲೆ ಹತ್ತಿ, ಎಷ್ಟು ತಿಕ್ಕಿದರೂ ಹೋಗಲಿಲ್ಲ. ಅದರ ಚರಿತ್ರೆಯನ್ನೆಲ್ಲ ಓದಿದೆ. ಇಟಲಿಯ ಮಿಲಾನಿನ ಲ್ಯಾಬೊಂದಕ್ಕೆ 1957ರಲ್ಲಿ (ಮತ್ತದೇ ವರ್ಷ!) ಫ್ರಾನ್ಸಿನ ಕಡಲತೀರದ ಪೈನ್ ಕಾಡಿನಿಂದ ಬಂದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ಈ ಜಾತಿಯ ಔಷಧಿಗಳು ಹುಟ್ಟಿದವು. ಆಗ ಜನಪ್ರಿಯವಾಗಿದ್ದ 'ರಿಫಿಫಿ' ಎಂಬ ಕಳ್ಳತನದ ಸಿನಿಮಾದ ಹೆಸರನ್ನೇ ಲ್ಯಾಬಿನವರು ತಮಾಷೆಗೆ ಇಟ್ಟರು, ಅದೇ ಉಳಿಯಿತು. ನನ್ನ ಸ್ಮೆಗ್ಮಾಟಿಸ್ ಇದಕ್ಕೆ ಸುಲಭವಾಗಿ ಬಗ್ಗುವ ಜಾತಿಯಲ್ಲ. ಅದರೊಳಗಿನ ಒಂದು ಕಿಣ್ವ ಔಷಧಿಯನ್ನೇ ಕೆಡಿಸಿ ಕೂರುತ್ತದೆ. ಕೊಲ್ಲುವ ಅಸಲಿ ಬಗ್ಗುವ ಪ್ರಮಾಣಕ್ಕಿಂತ ಎಷ್ಟೋ ಪಾಲು ಹೆಚ್ಚು ಔಷಧಿ ಈ ಸಾಧುಪ್ರಾಣಿಗೆ ಬೇಕು. ಇದರಲ್ಲೇನೋ ನ್ಯಾಯವಿಲ್ಲವೆಂದು ನನಗೆ ಅನಿಸಿತ್ತು.

ಭಾನುವಾರ ಸಂಜೆ ಒಂದು ರೂಪಾಯಿ ನಾಣ್ಯದ ಫೋನಿನಿಂದ ಅಮ್ಮನಿಗೆ ಈ ಜ್ಞಾನವನ್ನೆಲ್ಲ ಧಾರೆಯೆರೆದೆ. ರಿಫಾಂಪಿಸಿನ್ ಅಂತ ಒಂದು ಔಷಧಿ ಇದೆ ಅಮ್ಮ, ಅದು ಬ್ಯಾಕ್ಟೀರಿಯಾದ ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವದ ಬೀಟಾ ಭಾಗಕ್ಕೆ ಹೋಗಿ ಕೂತು, ಎಂದು ನಾನು ಮುಂದುವರಿಯುತ್ತಿದ್ದೆ.

"ಆ ಕೆಂಪು ಕ್ಯಾಪ್ಸೂಲಾ?" ಎಂದಳು ಅಮ್ಮ. "ಖಾಲಿ ಹೊಟ್ಟೆಗೆ ಕೊಡ್ಬೇಕು. ಮೂತ್ರ ಕೆಂಪಗೆ ಬರುತ್ತೆ ಅಂತ ಮೊದಲ ದಿನವೇ ಹೇಳ್ಬೇಕು. ಇಲ್ಲದಿದ್ರೆ ರಕ್ತ ಹೋಗ್ತಾ ಇದೆ ಅಂತ ಹೆದರಿ ಬಿಟ್ಟುಬಿಡ್ತಾರೆ. ಮೇಲಿನ ಕೇರಿಯವನು ಹಾಗೇ ಬಿಟ್ಟಿದ್ದ, ನಾನೇ ಹೋಗಿ ಕರ್ಕೊಂಡು ಬಂದೆ."

ಎರಡನೆಯ ನಾಣ್ಯ ಹಾಕುವುದು ಮರೆತು ಫೋನು ಕಟ್ಟಾಯಿತು. ನಮ್ಮ ಮನೆಯ ಗೋಡೆಬೀರುವಿನಲ್ಲಿ ಕೆಂಪು ರಟ್ಟಿನ ಡಬ್ಬಿಗಳು ಇರುತ್ತಿದ್ದದ್ದು ನನಗೆ ಆಗ ನೆನಪಾಯಿತು. ಒಂದೊಂದರ ಮೇಲೂ ಒಬ್ಬೊಬ್ಬ ರೋಗಿಯ ಹೆಸರು, ಶುರುಮಾಡಿದ ದಿನಾಂಕ, ಅಮ್ಮನ ದುಂಡಗಿನ ಅಕ್ಷರದಲ್ಲಿ. ಸರ್ಕಾರದ ಡಾಟ್ಸ್ ಯೋಜನೆಯ ಔಷಧಿ. ಆ ವರ್ಷದ ಹೊತ್ತಿಗೆ ಅದು ಇಡೀ ದೇಶಕ್ಕೆ ಹಬ್ಬಿತ್ತು. ಆರು ತಿಂಗಳ ಪೂರ್ತಿ ಔಷಧಿ ಒಬ್ಬರ ಹೆಸರಿಗೆ ಒಂದು ಡಬ್ಬಿ, ಒಬ್ಬರದನ್ನು ಇನ್ನೊಬ್ಬರಿಗೆ ಕೊಡುವ ಹಾಗಿರಲಿಲ್ಲ. ಆಗ ವಾರಕ್ಕೆ ಮೂರು ದಿನ ರೋಗಿ ಬಂದು ಅಮ್ಮನ ಕಣ್ಣೆದುರೇ ನುಂಗಬೇಕಿತ್ತು. ಶಾಲೆಗೆ ಹೊರಡುವಾಗ ಜಗಲಿಯ ಮೇಲೆ ನೀರಿನ ಲೋಟ ಹಿಡಿದು ಕೂತವರನ್ನು ದಾಟಿಕೊಂಡೇ ನಾನು ಹೋಗುತ್ತಿದ್ದದ್ದು. ಅವರು ಯಾರು, ಏನು ನುಂಗುತ್ತಾರೆ ಎಂದು ಒಂದು ದಿನವೂ ಕೇಳಿರಲಿಲ್ಲ. ಅಮ್ಮನ ಡಬ್ಬಿಗಳ ಮೇಲೆ ಆಕೆಯ ಇನಿಷಿಯಲ್ ಇರಲಿಲ್ಲ ಎನ್ನುವುದೂ ಈಗ ಬರೆಯುತ್ತ ಹೊಳೆಯಿತು.

ಅಜ್ಜಿಯ ಔಷಧಿಯ ಕಥೆಯೂ ಇದೇ ಥರದ್ದು. ಭಾನುವಾರ ನಾವು ಕೆಲವು ಸಮ್ಮರ್‌ಗಳು ಬಳ್ಳಾರಿ ರಸ್ತೆಯ ಬಸ್ ಹಿಡಿದು ಸುಮ್ಮನೆ ಸುತ್ತುತ್ತಿದ್ದೆವು. ಅದೇ ರಸ್ತೆಯಲ್ಲಿ, 1959ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. ಮರಗಳ ನಡುವಿನ ಆ ಹಳೆಯ ಬಂಗಲೆಯನ್ನು ನಾನು ಭಕ್ತಿಯಿಂದ ಬಸ್ಸಿನ ಕಿಟಕಿಯಲ್ಲಿ ನೋಡುತ್ತಿದ್ದೆ. ಇನ್ನೂ ಮುಂದಕ್ಕೆ ಹೆಬ್ಬಾಳದಲ್ಲಿ, ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಎಂದು 1925ರಲ್ಲಿ ಹುಟ್ಟಿದ ಪಶುವೈದ್ಯಕೀಯ ಲಸಿಕೆಗಳ ಸಂಸ್ಥೆಯನ್ನು ದಾಟುವಾಗ ಕಡಲೆಕಾಯಿ ಸುಲಿಯುತ್ತಿದ್ದೆ. ದನಕುರಿಗಳ ಲಸಿಕೆಯ ಜೊತೆಗೆ ಮಂಗನ ಕಾಯಿಲೆಯ ಲಸಿಕೆಯೂ ಅಲ್ಲೇ ತಯಾರಾಗುತ್ತಿತ್ತೆಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅಜ್ಜಿ ಕೇಳಿದ್ದು ನನ್ನ ಬಸ್ಸಿನ ಎಡಕ್ಕೋ ಬಲಕ್ಕೋ ಇತ್ತು. ತೋಳು ಬಾತು ನೋಯುತ್ತದೆಂದು ಆಕೆ ಎರಡನೆಯ ಸೂಜಿಗೆ ಹೋಗದೆ ಹಿತ್ತಲಲ್ಲಿ ಅಡಗಿದ್ದದ್ದೂ ಇದೇ ಲಸಿಕೆಯ ದೆಸೆಯಿಂದ. "ಅದು ಔಷಧಿಯಲ್ಲ, ಶಿಕ್ಷೆ," ಎನ್ನುತ್ತಿದ್ದಳು. ಈಚಿನ ವರ್ಷಗಳಲ್ಲಿ ಆ ಲಸಿಕೆ ಸಾಲದೆಂದು ನಿಲ್ಲಿಸಿದ್ದಾರೆ, ಹೊಸದರ ಕೆಲಸ ನಡೆದಿದೆ. ಅಜ್ಜಿಯ ಮಾತನ್ನು ಯಾರಾದರೂ ಮೊದಲೇ ಬರೆದುಕೊಳ್ಳಬಹುದಿತ್ತು.

ಕೊನೆಯ ವಾರ ಸಮ್ಮರ್‌ಗಳೆಲ್ಲ ಸೆಮಿನಾರ್ ಹಾಲಿನಲ್ಲಿ ನಿಂತು ತಂತಮ್ಮ ಕೆಲಸ ಹೇಳಬೇಕು. ನಾಲ್ಕು ಗೆರೆಯ ನನ್ನ ಗ್ರಾಫು ಪರದೆಯ ಮೇಲೆ ಬಂತು. ನಾಲ್ಕೂ ಬೇಕಾದಲ್ಲಿ ಏರಿ ಬೇಕಾದಲ್ಲಿ ಮಲಗಿದ್ದವು. ಹಾಗೇ ಮಲಗುತ್ತವೆಂದು ಜಗತ್ತಿಗೆ ಮೊದಲೇ ಗೊತ್ತಿತ್ತು. ಮುಂದಿನ ಸಾಲಿನ ಹಿರಿಯರೊಬ್ಬರು ಕನ್ನಡಕದ ಮೇಲಿಂದ ನೋಡಿ, ಮುಂದೇನು ಮಾಡಬೇಕೆಂದಿದ್ದೀಯ ಎಂದು ಇಂಗ್ಲಿಷಿನಲ್ಲಿ ಕೇಳಿದರು. "ರಾತ್ರಿ ಬಸ್ಸಿದೆ ಸರ್, ಸೊರಬಕ್ಕೆ," ಎಂದೆ. ಹಾಲು ನಕ್ಕಿದ್ದು ಯಾಕೆಂದು ಬಸ್ಸು ತುಮಕೂರು ದಾಟಿದ ಮೇಲೆ ಅರ್ಥವಾಯಿತು.

ಊರಿಗೆ ಹೋದಾಗ ಮಳೆ ಹಿಡಿದಿತ್ತು, ಅಮ್ಮ ಜ್ವರ ಬಂದು ಮಲಗಿದ್ದಳು. ಮರುದಿನ ಬೆಳಿಗ್ಗೆ ಗೊಬ್ಬರದ ಚೀಲದ ಕೊಪ್ಪೆ ಹೊದ್ದ ಗಾರೆ ಕೆಲಸದ ಅಣ್ಣನೊಬ್ಬ ಜಗಲಿಗೆ ಬಂದು ಕೂತ. ಅಮ್ಮ ಒಳಗಿಂದಲೇ, ಡಬ್ಬಿ ತೆಗೆದು ನೀನೇ ಕೊಡು ಎಂದಳು. ಡಬ್ಬಿಯ ಹೆಸರು ಓದಿ, ಒಂದು ಹಾಳೆ ಹರಿದು, ಏಳು ಮಾತ್ರೆ ಅವನ ಅಂಗೈಗೆ ಹಾಕಿದೆ. ಕಾರ್ಡಿನಲ್ಲಿ ಗುರುತು ಹಾಕಲು ಪೆನ್ನೆತ್ತಿದರೆ, ಓದು ಬಾರದ ಅವನು ಬಗ್ಗಿ ನೋಡಿ, "ಆ ಮನೆ ಅಲ್ಲ ತಂಗೀ, ಅದರ ಪಕ್ಕದ್ದು," ಎಂದು ಬೆರಳಿಟ್ಟು ತೋರಿಸಿದ. ಮಾತ್ರೆ ಬಾಯಿಗೆ ಹಾಕಿಕೊಳ್ಳುವ ಮೊದಲು ನನ್ನನ್ನು ಅನುಮಾನದಿಂದ ನೋಡಿದ.

"ಟೀಚರಮ್ಮ ಏಳಲ್ವಾ? ನಿಂಗೊತ್ತಾ ಇದರ ವಿಷಯ?"

ಇಷ್ಟು ದಿನ ಕಾದಿದ್ದ ಪ್ರಶ್ನೆ. ನಾನು ಬೆನ್ನು ನೆಟ್ಟಗೆ ಮಾಡಿಕೊಂಡೆ. "ಗೊತ್ತಿಲ್ದೆ ಏನಣ್ಣ? ಆ ಕೆಂಪಿಂದು ಇದೆಯಲ್ಲ, ಅದಕ್ಕೋಸ್ಕರವೇ ನಾನು ಎರಡು ತಿಂಗಳು ಬೆಂಗಳೂರಲ್ಲಿದ್ದೆ."

ಅವನ ಮುಖ ಒಮ್ಮೆಲೇ ಮೆತ್ತಗಾಯಿತು. ಏಳೂ ಮಾತ್ರೆ ಒಂದೇ ಸಲಕ್ಕೆ ನುಂಗಿ, ಬಾಯಿ ತೆರೆದು ತೋರಿಸಿ, ಕೊಪ್ಪೆಯನ್ನು ಸರಿಮಾಡಿಕೊಳ್ಳುತ್ತ ದನಿ ತಗ್ಗಿಸಿ ಹೇಳಿದ:

"ಅಯ್ಯೋ ಪಾಪ, ನಿಂಗೂ ಬಂದಿತ್ತಾ ತಂಗೀ? ಎರಡೇ ತಿಂಗಳಿಗೆ ಬಿಡಬ್ಯಾಡ ಮತ್ತೆ. ಆರು ತಿಂಗಳು ನುಂಗ್ಲೇಬೇಕು, ಟೀಚರಮ್ಮನ್ನ ಕೇಳು."